ಕಾರಿನ ಒಂದೇ ಸಾಕೆಟ್ಟು

ಹೆಸರು ಗದಿಗೆಮ್ಮ, ಗಂಡ ಗುರುಸಿದ್ದಪ್ಪ, ವಯಸ್ಸು ಅರವತ್ತೇಳು, ಉದ್ಯೋಗ ಜೋಳದ ರೊಟ್ಟಿ ಮಾಡಿ ಮಾರುವುದು, ವಾಸ ಮಿಯಾಪುರ, ಹೈದರಾಬಾದ್. ನಾನು ಠಾಣೆಗೆ ಹಾಜರಾಗಿ ತಿಳಿಯಪಡಿಸುವುದು ಏನೆಂದರೆ,

ನನ್ನ ಗಂಡನಿಗೆ ಎಪ್ಪತ್ತನಾಲ್ಕು ವರ್ಷ. ಶ್ವಾಸಕೋಶ ಕೆಟ್ಟು ಎರಡು ವರ್ಷದಿಂದ ಆಕ್ಸಿಜನ್ ಯಂತ್ರದ ಮೇಲೆ ಇದ್ದರು. ಯಂತ್ರದ ಸ್ವಂತ ಬ್ಯಾಟರಿ ಮುಕ್ಕಾಲು ತಾಸು ಬರುತ್ತಿತ್ತು. ಕಾರಿನಲ್ಲಿ ಹೋದರೆ ಸಾಕೆಟ್ಟಿಗೆ ಚುಚ್ಚಬೇಕು.

ದಿನಾಂಕ 14ರಂದು ಬೆಳಿಗ್ಗೆ 8.10ಕ್ಕೆ ಅವರನ್ನು ಅಬಿಡ್ಸ್ ಹತ್ತಿರದ ದವಾಖಾನೆಗೆ ತೋರಿಸಲು ಹೊರಟೆವು. ಆಟೊ ಕರೆಯುತ್ತೇನೆ ಅಂದೆ. ಮದುವೆಗಳಲ್ಲಿ ಡ್ರೋನ್ ಹಾರಿಸಿ ವಿಡಿಯೊ ತೆಗೆಯುವ ಅಳಿಯ ವಿಶ್ವಜಿತ್, ನಾ ಇರೂವಾಗ ಆಟೊ ಯಾಕ್ರಿ ಅತ್ತಿ, ಪಟಾನ್‌ಚೆರು ಕಡೆ ಒಂದು ಮದಿವಿ ಐತಿ, ಅರ್ಧ ತಾಸಿನ ಕೆಲಸ, ಮುಗಿಸಿ ಹೋಗೂಣು ಎಂದನು. ದವಾಖಾನೆ ಒಂದು ದಿಕ್ಕು, ಮದುವೆ ಇನ್ನೊಂದು ದಿಕ್ಕು. ನಾನು ಸುಮ್ಮನೆ ಹತ್ತಿದೆ. ನಮ್ಮಲ್ಲಿ ಅಳಿಯನಿಗೆ ಅತ್ತೆ ಎದುರಾಡುವುದಿಲ್ಲ. ನನ್ನ ನಾಲಿಗೆಯೆಲ್ಲ ಗಂಡನಿಗೆ ಮೀಸಲು.

8.25ಕ್ಕೆ ಅಳಿಯನಿಗೆ ಡ್ರೋನಿನ ಮೂರೂ ಬ್ಯಾಟರಿ ಖಾಲಿ ಇರುವುದು ನೆನಪಾಯಿತು. ಕಾರಿನಲ್ಲಿ ಇದ್ದದ್ದು ಒಂದೇ ಸಾಕೆಟ್ಟು. ಯಂತ್ರದ ತಂತಿ ಕಿತ್ತು ನನ್ನ ಕೈಗೆ ಕೊಟ್ಟು, ಒಂದು ಬ್ಯಾಟರಿ ಚಾರ್ಜಿಗೆ ಹಾಕಿದನು. ಮಾವಾರ ಯಂತ್ರದಾಗ ಇನ್ನೂ ಐತಲ್ರಿ ಎಂದನು. ನಾನು ತಂತಿಯನ್ನು ಮಡಿಲಲ್ಲಿ ಸುತ್ತಿಟ್ಟುಕೊಂಡೆ.

8.50ಕ್ಕೆ ಮದುವೆಯ ಕಲ್ಯಾಣ ಮಂಟಪ ಮುಟ್ಟಿದೆವು. ಬಾಗಿಲಿನಿಂದ ನಲವತ್ತು ಹೆಜ್ಜೆ ದೂರ ಕಾರು ನಿಲ್ಲಿಸಿ, ಚಾರ್ಜ್ ಆಗಲಿ ಎಂದು ಎಂಜಿನ್ ಚಾಲೂ ಬಿಟ್ಟನು. 9.00ಕ್ಕೆ ಬ್ಯಾಟರಿ ಇಳಿದು ಯಂತ್ರ ಕುಂಯ್‌ಗುಡತೊಡಗಿತು. ಮದುವೆಗೆ ಬಂದ ಮಂದಿ ಹೊರಳಿ ನೋಡಿದರು. ನಾನು ಅದರ ಮೇಲೆ ನನ್ನ ಶಾಲು ಒತ್ತಿದೆ. ಗಂಡ ನನ್ನ ಮೊಣಕೈ ಹಿಡಿದರು. ಮಂದ್ಯಾಗ ಮಾನ ಕಳೀಬ್ಯಾಡ್ರಿ, ನಲವತ್ತೆಂಟು ವರ್ಷ ನನ್ನ ಉಸಿರು ಕಟ್ಟಿಸೀರಿ, ಒಂದು ಗಳಿಗೆ ನೀವೂ ಕಟ್ಟಿಕೊಂಡು ಕೂಡ್ರಿ ಎಂದೆ. ಇದು ನಾನೇ ಅಂದದ್ದು. ಹಾಗೇ ಬರೆಯಿರಿ. 9.10ಕ್ಕೆ ಕುಂಯ್‌ಗುಡುವುದು ನಿಂತಿತು. ಹಾಯೆನಿಸಿತು.

9.20ಕ್ಕೆ ಅಳಿಯ ಬಂದು ತುಂಬಿದ ಬ್ಯಾಟರಿ ತೆಗೆದುಕೊಂಡನು. ಸಾಕೆಟ್ಟು ತೆರವಾಯಿತು. ನಾನು ತಂತಿ ಮುಂದೆ ಚಾಚಿದೆ. ತಡೀರಿ ಅತ್ತಿ, ಒಂದ ಬ್ಯಾಟರಿ ಇಪ್ಪತ್ತು ಮಿನಿಟ್ ಸಹ ಹಾರೂದಿಲ್ಲ ಎಂದು ಎರಡನೆಯದನ್ನು ಚುಚ್ಚಿದನು. ಚಾಚಿದ ಕೈಯನ್ನು ನಾನೇ ಹಿಂದೆ ತೆಗೆದುಕೊಂಡೆ.

9.25ಕ್ಕೆ ಡ್ರೋನ್ ನಮ್ಮ ಕಾರಿನ ಮೇಲೆ ಬಂದಿತು. ಗಂಡ ಕಿಟಕಿಯಿಂದ ಕೈ ಹೊರಗೆ ಹಾಕಿದರು. ಅಳಿಯ ದೂರದಿಂದ, ಮಾವಾರು ಟಾಟಾ ಮಾಡಾಕತ್ತಾರ, ನೀವೂ ಮಾಡ್ರಿ ಅತ್ತಿ ಎಂದು ಕೂಗಿದನು. ಜನ ನಕ್ಕರು. ನಾನೂ ಕೈ ಹೊರಗೆ ಹಾಕಿ ಬೀಸಿದೆ. 9.40ಕ್ಕೆ ಅವರ ತಲೆ ನನ್ನ ಭುಜಕ್ಕೆ ಬಿತ್ತು. ನಿದ್ದೆ ಎಂದುಕೊಂಡು ಬೈದೆ, ಜೀವ ಹೋಗಿತ್ತು.

ಈಗ ಠಾಣೆಯ ಬಾಗಿಲಲ್ಲಿ ಮಗಳು ಭಾಗ್ಯಶ್ರೀ, ಯಂತ್ರ ತಾನ ಕೆಟ್ಟಿತು ಅಂತ ಬರಸವ್ವಾ, ನನ್ನ ಸಂಸಾರ ಉಳಸು ಎಂದು ಕಾಲು ಹಿಡಿದಳು. ನಂದು ಆ ಸಾಕೆಟ್ಟಿನ್ಯಾಗ ಹೋತಲ್ಲವಾ ಎಂದೆ. ತಂತಿ ಕಿತ್ತವನು ಅಳಿಯ, ಬಾಯಿ ಮುಚ್ಚಿಕೊಂಡವಳು ನಾನು. ಇಬ್ಬರ ಹೆಸರನ್ನೂ ಬರೆದುಕೊಳ್ಳಿರಿ. ಆ ವಿಡಿಯೊ ತರಿಸಿ ನೋಡಿರಿ. ಕಾರಿನಿಂದ ಎರಡು ಕೈ ಹೊರಗೆ ಇವೆ. ಬೀಸುತ್ತಿರುವುದು ನನ್ನದು.

ಮೇಲೆ ಬರೆದದ್ದನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದ್ದಾರೆ, ನಾನು ಹೇಳಿದಂತೆಯೇ ಇದೆ, ಎಲ್ಲ ನಿಜ. ಮೂರನೇ ಇಯತ್ತೆ ಕಲಿತಿದ್ದೇನೆ, ಹೆಬ್ಬೆಟ್ಟು ಬೇಡ.

ಸ್ಥಳ: ಹೈದರಾಬಾದ್
ದಿನಾಂಕ: 15-02-2025
(ಸಹಿ) ಗದಿಗೆಮ್ಮ