ಗುರುವಾರ ಒಂದು ಬಿಟ್ಟು

...ಇಲ್ಲ ಇಲ್ಲ, ಆಸ್ಪತ್ರೆ ವಿಷಯ ಆಮೇಲೆ! ಮೊದಲು ಕೂತ್ಕೋ ಫಿದೆಲಿನಾ, ಆ ಕುರ್ಚಿ ನೆರಳಿಗೆ ಎಳ್ಕೋ. ತೆರೆರೆ ಮಾಡಿದೀನಿ, ಪುದೀನ ಜಜ್ಜಿ ಐಸ್ ಹಾಕಿ. ವಾರವಿಡೀ ಮಗನ ಮಂಚದ ಪಕ್ಕ ಕೂತು ನಿನಗೆ ಲೋಕದ ಸುದ್ದಿಯೇ ಇಲ್ಲ, ಪಾಪ. ಅಧ್ಯಕ್ಷನ ಮಹಾಭಿಯೋಗ ನಡೀತಲ್ಲ... ಟೀವಿ ಮುಂದೆ ಕೂತು ಹಲ್ಲು ಕಡಿದು ಕಡಿದು ನನಗೆ ದವಡೆ ನೋವೇ ಬಂತು! ತಗೋ, ನಾನು ಹೀರಿದ ಕೊಳವೇಲೇ ಕುಡಿ. ನಾನು ಹೇಳ್ತೀನಿ.

ಸೋಮವಾರ. ಆ ಮಹಾನುಭಾವ ಬಿಳೀ ಸೂಟು ಹಾಕ್ಕೊಂಡು ಬಂದ. ಬಿಳೀದು! ಸೇತುವೆ ಮೇಲೆ ಮೆರವಣಿಗೆಗೆ ಗುಂಡು ಹೊಡೆಸಿ ಹನ್ನೊಂದು ಹೆಣ ಬೀಳಿಸಿದವನು, ನಿನ್ನ ಮಗ ದೆರ್ಲಿಸ್‌ನ ಕಾಲು ಕಳೆದವನು! "ಹೊಡೀರಿ ಅಂತ ನಾನು ಹೇಳೇ ಇಲ್ಲ" ಅಂತಾನೆ. ಮತ್ತೆ ಪೊಲೀಸರಿಗೆ ಕನಸು ಬಿದ್ದಿತ್ತಾ? ಯಾಕೆ ನಗ್ತೀಯ? ...ನಗಲಿಲ್ವಾ. ಸರಿ ಬಿಡು.

ಮಂಗಳವಾರ ಪೊಲೀಸ್ ಕಮಾಂಡರ್. ಫೋನ್ ಬಂದಿದ್ದು ನಿಜ ಅಂದ. ಯಾರದಪ್ಪಾ ಅಂದ್ರೆ, "ದನಿ ಗುರುತು ಸಿಗಲಿಲ್ಲ"! ಹಲ್ಕಟ್ ನನ್ಮಗ! ಬುಧವಾರ ಸತ್ತವರ ಹೆಸರು ಓದ್ತಿದ್ರೆ ಸೆನೆಟರ್ ಒಬ್ಬ ಚಿಪಾ ರೊಟ್ಟಿ ಮುರಿದು ಮುರಿದು ತಿಂತಿದ್ದ ಕಣೇ, ಮೀಸೆ ತುಂಬಾ ಪುಡಿ. ಚಪ್ಪಲಿ ತೆಗೆದು ಟೀವಿಗೇ ಎಸೆದೆ. ಶುಕ್ರವಾರ ವಕೀಲರು...

ಆಂ? ಗುರುವಾರವಾ? ಗುರುವಾರ... ಏನೂ ಇರಲಿಲ್ಲ. ಕರೆಂಟು ಹೋಗಿತ್ತು. ಇಡೀ ಬೀದಿಗೇ ಹೋಗಿತ್ತು! ಶುಕ್ರವಾರ ಕೇಳು, ಆ ವಕೀಲ ಎದ್ದು ನಿಂತು...

ಇದೇನೇ? "ಗ್ರಾಸಿಯಾಸ್" ಅಂತ ಥ್ಯಾಂಕ್ಸ್ ಹೇಳಿಬಿಟ್ಟೆ? ಎರಡೇ ಸುತ್ತು ಕುಡಿದು? ಆ ಮಾತು ಅಂದವರಿಗೆ ಮತ್ತೆ ಸುರಿಯೋ ಹಾಗಿಲ್ಲ ಅಂತ ನಿನಗೆ ನಾನು ಹೇಳಿಕೊಡಬೇಕಾ? ಮೂವತ್ತು ವರ್ಷದಲ್ಲಿ ಈ ಅಂಗಳದಲ್ಲಿ ಜಗ್ಗು ಖಾಲಿಯಾಗದೆ ನೀನು ಅದನ್ನ ಅಂದಿದ್ದೇ ಇಲ್ಲ! ಬಾಯಿ ತಪ್ಪಿ ಬಂತು ಅನ್ನು. ...ಅನ್ನೇ! ಈ ನಿಕಾನೋರಾ ಬಾಯಿಟ್ಟ ಕೊಳವೆ ಬೇಡವಾಯ್ತಾ ನಿನಗೆ?

ವಾರ್ಡಲ್ಲಿ ಟೀವಿ ಇತ್ತು. ಅಲ್ವಾ?

ಇತ್ತು ಅಂತೀಯ.

ಹಾಗಾದ್ರೆ ನನ್ನ ಬಾಯಿಂದ ಯಾಕೆ ಕೇಳ್ತಾ ಕೂತಿದ್ದೆ ಇಷ್ಟು ಹೊತ್ತು? ಹೌದು, ಗುರುವಾರ ಕ್ರಿಸ್ಪಿನ್ ಸಾಕ್ಷಿ. ನನ್ನ ಗಂಡ. ಅವತ್ತು ಅಧ್ಯಕ್ಷನ ಕಾರು ಓಡಿಸ್ತಿದ್ದವನು. ಹಿಂದೆ ಕೂತವನು "ಹೊಡೀರಿ, ಹೊಡೀರಿ" ಅಂತ ಫೋನಲ್ಲಿ ಕಿರುಚಿದ್ದನ್ನ ಕೇಳಿದ್ದು ಅವನೊಬ್ಬನೇ. "ರೇಡಿಯೋ ಹಾಕಿದ್ದೆ, ಕೇಳಿಸಲಿಲ್ಲ" ಅಂದ. ಯಾರು ಹೇಳಿಕೊಟ್ಟಿದ್ದು ಗೊತ್ತಾ? ನಾನು! ಅವನ ಶರ್ಟು ಇಸ್ತ್ರಿ ಮಾಡ್ತಾ ಮಾಡ್ತಾ, ಮೂರು ಸಲ ಹೇಳಿಸಿದೆ. ಬುಧವಾರ ಇಬ್ಬರು ಬಂದಿದ್ರು ಫಿದೆಲಿನಾ. ನಮ್ಮ ಹುಡುಗಿ ಕಾಲೇಜಿಂದ ಯಾವ ದಾರೀಲಿ ಬರ್ತಾಳೆ ಅಂತ ವಿಚಾರಿಸಿದ್ರು. ನಗ್ತಾ ನಗ್ತಾ ವಿಚಾರಿಸಿದ್ರು! ನೀನಾಗಿದ್ರೆ ಏನು ಮಾಡ್ತಿದ್ದೆ? ಹೇಳು, ಏನು ಮಾಡ್ತಿದ್ದೆ?

ಬೈಯಿ ನನ್ನ. ಹಾಗೆ ನೋಡ್ಬೇಡ, ಬೈಯಿ! ನಾಳೆ ಮತ ಹಾಕ್ತಾರೆ, ಆ ಪಾಪಿ ಬಚಾವಾಗ್ತಾನೆ, ನಂಗೊತ್ತಿಲ್ವಾ? ಕ್ರಿಸ್ಪಿನ್ ಒಂದು ಮಾತು ಆಡಿದ್ದಿದ್ರೆ ಬಚಾವಾಗ್ತಿರಲಿಲ್ಲ, ಅದೂ ಗೊತ್ತು. ಮೂರು ದಿನದಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ ಒಳಗೆ, ನನ್ನ ಜೊತೆ ಮಾತೂ ಇಲ್ಲ.

ದೆರ್ಲಿಸ್... ದೆರ್ಲಿಸ್ ನಿದ್ದೆ ಮಾಡ್ತಿದ್ದ ತಾನೇ ಆಗ? ನೋವಿನ ಇಂಜೆಕ್ಷನ್ ಕೊಟ್ಟಿರ್ತಾರೆ. ನಿದ್ದೇಲಿದ್ದ ಅನ್ನು.

...ಎದ್ದಿದ್ದ ಅಂತೀಯ.

ಟೀವೀಲಿ ಕ್ರಿಸ್ಪಿನ್ ನಡ್ಕೊಂಡು ಬಂದಾಗಲೇ ದೆರ್ಲಿಸ್ ಗುರುತು ಹಿಡಿದಿರ್ತಾನೆ. ಚರ್ಚಲ್ಲಿ ಜ್ಞಾನಸ್ನಾನದ ದಿನ ಪದ್ರಿನೋ ಆಗಿ, ಧರ್ಮದ ಅಪ್ಪನಾಗಿ, ಅವನನ್ನ ಎತ್ತಿ ಹಿಡಿದವನಲ್ವಾ. ಖುಷಿಯಾಗಿರುತ್ತೆ ಅವನಿಗೆ. "ನಮ್ಮ ಪದ್ರಿನೋ, ನಮ್ಮ ಪದ್ರಿನೋ!" ಅಂತ ವಾರ್ಡಿಗೆಲ್ಲಾ ಕೂಗಿ ಹೇಳಿದ್ನಾ? ಸೌಂಡು ಜಾಸ್ತಿ ಮಾಡಿ ಅಂದ್ನಾ...? ಫಿದೆಲಿನಾ, ಅಂದ್ನಾ?