ಹಲಸಿನ ಅಂಟು ಹತ್ತಿದ ಕತ್ತಿ

ಎರಡು ಬೆಟ್ಟದ ಸಂದಿಯಲ್ಲಿ ಒಂದು ದೇಶ, ಆ ದೇಶದಲ್ಲೊಬ್ಬ ಭಾರೀ ಶ್ರೀಮಂತ. ಇವತ್ತಿನ ಕಥೆ ಅವನದು. ದೇಶ ಅಂದೆ ಅಂತ ದೊಡ್ಡದು ಅಂದುಕೊಳ್ಳಬೇಡಿ. ಈ ತುದಿಯಲ್ಲಿ ಒಬ್ಬ ಸೀನಿದರೆ ಆ ತುದಿಯವರು "ನೂರು ವರ್ಷ ಬಾಳಪ್ಪ" ಅನ್ನುತ್ತಿದ್ದರು, ಅಷ್ಟೇ ಅಗಲ. ರಾಜ, ಮಂತ್ರಿ ಅಂತ ಕೂರಿಸೋಕೆ ಜಾಗ ಎಲ್ಲಿ? ಶ್ರೀಮಂತನೇ ದೊರೆ, ಅವನ ಜಗಲಿಯೇ ಅರಮನೆ.

ಆದರೆ ಬೆಟ್ಟ? ಅಬ್ಬಬ್ಬಾ! ಹದ್ದು ಬೆಳಿಗ್ಗೆ ಹೊರಟರೆ ಅರ್ಧ ದಾರಿಯಲ್ಲಿ ಬುತ್ತಿ ಬಿಚ್ಚಬೇಕು, ಅಷ್ಟು ಎತ್ತರ. ಎಡಕ್ಕೊಂದು, ಬಲಕ್ಕೊಂದು. ಬೆನ್ನ ಹಿಂದೆ ಸಮುದ್ರ. ಮುಂದೆ ಮಾತ್ರ ಒಂದು ಗಾಡಿ ನುಗ್ಗುವಷ್ಟು ಕಿಂಡಿ. ಆ ಕಿಂಡಿಗೆ ಒಂದು ಬಾಗಿಲು. ಸಮುದ್ರದ ಉಪ್ಪು, ಒಣಮೀನು ಬಯಲಿಗೆ ಹೋಗಬೇಕಾದರೂ ಅದೇ ಬಾಗಿಲು, ಬಯಲಿನ ಜೋಳ, ಮೆಣಸಿನಕಾಯಿ ಸಮುದ್ರಕ್ಕೆ ಹೋಗಬೇಕಾದರೂ ಅದೇ ಬಾಗಿಲು. ಹೋಗುವವರೂ ಒಂದು ಪಾಲು ಇಟ್ಟು ಹೋಗಬೇಕು, ಬರುವವರೂ ಒಂದು ಪಾಲು ಇಟ್ಟು ಬರಬೇಕು. ನೋಡಿ, ಅಂಥಾ ಜಾಗದಲ್ಲಿ ಒಂದು ಕುಂಬಳಕಾಯಿ ಇಟ್ಟಿದ್ದರೂ ಅದು ಶ್ರೀಮಂತ ಆಗುತ್ತಿತ್ತು. ಅಲ್ಲವಾ?

ಆದರೆ ಇವನು ಹಾಗೆ ತಿಳಿದುಕೊಳ್ಳಲಿಲ್ಲ. ಯಾಕೆ ತಿಳಿದುಕೊಳ್ಳುತ್ತಾನೆ? ನಾವು ತಿಳಿದುಕೊಂಡಿದ್ದೀವಾ?

ಅವನು ಪ್ರತೀ ವರ್ಷ ಆಯುಧಪೂಜೆಯ ದಿನ ಊರಿನ ಕತ್ತಿಗಳನ್ನೆಲ್ಲ ಬಾಗಿಲ ಹೊರಗೆ ಸಾಲಾಗಿ ಜೋಡಿಸಿ, ಅರಿಶಿನ ಕುಂಕುಮ ಇಟ್ಟು, ಭಾಷಣ ಮಾಡುತ್ತಿದ್ದ. ಆ ಭಾಷಣ ಮುಗಿಯುವ ಹೊತ್ತಿಗೆ ಕತ್ತಿಗೆ ಮುಡಿಸಿದ ಸೇವಂತಿಗೆ ಒಣಗಿ ಬೀಜ ಕಟ್ಟಿರುತ್ತಿತ್ತು. "ಏಳ್ನೂರು ವರ್ಷ ಆಯ್ತು, ನಮ್ಮ ದೇಶ ಯಾರಿಗೂ ಸೋತಿಲ್ಲ! ಯಾಕೆ? ನಮ್ಮ ರಕ್ತ ಅಂಥಾದ್ದು! ಕೆಳಗಿನ ಬಯಲಿನೋರ್ನ ನೋಡಿ. ದಂಡು ಬಂತು ಅಂದ್ರೆ ಓಟ, ಧೂಳು ಕಂಡ್ರೆ ಓಟ. ಹೇಡಿಗಳು!" ಊರವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಆ ಏಳುನೂರು ವರ್ಷದಲ್ಲಿ ಯಾರು ಯಾರ ಜೊತೆ ಹೊಡೆದಾಡಿದರು ಅಂತ ಒಬ್ಬನೂ ಕೇಳಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು. ದಂಡು ಬಂದಾಗಲೆಲ್ಲ ಅದರ ಸೇನಾಪತಿ ತಲೆ ಎತ್ತಿ ಬೆಟ್ಟ ನೋಡುತ್ತಿದ್ದ, ತಲೆ ತಗ್ಗಿಸಿ ಕಿಂಡಿ ನೋಡುತ್ತಿದ್ದ, ಕುದುರೆ ತಿರುಗಿಸುತ್ತಿದ್ದ. ಕೆಲವು ಸಲ ಕುದುರೆಯೇ ಮೊದಲು ತಿರುಗುತ್ತಿತ್ತು.

ಆಮೇಲೆ ಆ ದಂಡು ಎಲ್ಲಿಗೆ ಹೋಗುತ್ತಿತ್ತು ಹೇಳಿ? ಬಯಲಿಗೆ! ಬಯಲು ಹೇಗಿತ್ತು ಅಂದರೆ, ರೊಟ್ಟಿ ತಟ್ಟಿದ ಹಾಗೆ ಸಮ. ಕಪ್ಪು ಮಣ್ಣು, ಬೆರಳು ಊರಿದರೆ ಬೆರಳೇ ಚಿಗುರಬೇಕು. ಬೆಳೆ ಚೆನ್ನಾಗಿದ್ದ ಕಡೆಗೆ ದಂಡು ಬಾರದೇ ಇರುತ್ತದಾ? ಮೂಡಣದವರು ಪಡುವಣಕ್ಕೆ ಹೋಗುವಾಗ ಒಂದು ಸಲ ತುಳಿದರು, ಸೋತು ವಾಪಸ್ ಬರುವಾಗ ಇನ್ನೊಂದು ಸಲ ತುಳಿದರು. ಆ ಜನ ಎಷ್ಟು ಸಲ ಮನೆ ಕಟ್ಟಿದರೋ! ಅವರ ಮಕ್ಕಳಿಗೆ ನಾಲ್ಕು ದೇಶದ ಭಾಷೆಯಲ್ಲಿ ಬೈಯೋಕೆ ಬರುತ್ತಿತ್ತು. ನಗಬೇಡಿ, ಕಲಿಸಿದವರು ಸಿಪಾಯಿಗಳು.

ಒಂದು ವರ್ಷ, ಆಯುಧಪೂಜೆಯ ದಿನವೇ, ಬಯಲಿನಿಂದ ನಲವತ್ತು ಗಾಡಿ ಬಂದು ಬಾಗಿಲ ಮುಂದೆ ನಿಂತವು. ಮುಂದಿನ ಗಾಡಿ ಹೊಡೆಯುತ್ತಿದ್ದವಳು ಒಬ್ಬ ಮುದುಕಿ. ಹಿಂದೆ ಕಂಬಳಿ ಮರೆಯಲ್ಲಿ ಅವಳ ಸೊಸೆ, ಹೆತ್ತು ಹನ್ನೊಂದೇ ದಿನದ ಬಾಣಂತಿ. ಕೂಸು ಅಳೋಕೂ ಶಕ್ತಿ ಇಲ್ಲದೆ ಮಲಗಿತ್ತು. ಶ್ರೀಮಂತ ಅರ್ಧ ಭಾಷಣದಲ್ಲಿದ್ದ.

"ಬುದ್ಧೀ, ಬಾಗ್ಲು ತೆಗ್ಸಿ. ಎರಡು ದಿನದ ದಾರೀಲಿ ದಂಡು ಐತೆ," ಅಂದಳು ಮುದುಕಿ. "ನಮ್ಮೂರು ಸುಟ್ರು. ಸಮುದ್ರದ ದಡದಲ್ಲಿ ಹದಿನೈದು ದಿನ ಇದ್ದು ಹೋಯ್ತೀವಿ. ನಮ್ಮ ಕಾಳು ನಾವೇ ತಂದಿದ್ದೀವಿ."

"ದಂಡು ಬಂದ್ರೆ ನಿಂತು ಹೊಡೀಬೇಕಮ್ಮ! ಹಿಂಗೆ ಓಡ್ಬಂದ್ರೆ ಆಯ್ತಾ? ಹೇಡಿಗಳಿಗೆ ಬಾಗ್ಲು ತೆಗೆದ್ರೆ ನಮ್ಮ ಮಕ್ಳಿಗೂ ಆ ರೋಗ ಅಂಟ್ಕೊಳ್ಳುತ್ತೆ."

ಮುದುಕಿ ಗಾಡಿಯಿಂದ ಇಳಿದಳು. ಸಾಲಾಗಿಟ್ಟ ಕತ್ತಿಗಳ ಹತ್ತಿರ ಹೋದಳು. ಎಲ್ಲಕ್ಕಿಂತ ದೊಡ್ಡ ಕತ್ತಿ, ಶ್ರೀಮಂತನದೇ, ಅದರ ಅಲಗಿನ ಮೇಲೆ ಹೆಬ್ಬೆರಳು ಒತ್ತಿ ಎತ್ತಿದಳು. ಬೆರಳಿನ ಜೊತೆ ಕತ್ತಿಯೂ ಎದ್ದು ಬಂತು!

"ರಕ್ತದ ವಿಷ್ಯ ಆಡಿದ್ರಲ್ಲ ಬುದ್ಧೀ, ಇದ್ರಲ್ಲಿ ರಕ್ತ ಎಲ್ಲೈತೆ? ಹಲಸಿನ ಅಂಟು ಐತೆ. ಹಣ್ಣು ಹೆಚ್ಚಿ ಎಣ್ಣೆ ಹಚ್ಚಿ ಒರೆಸೋದೂ ಬೇಡ್ವಾ? ನಿಮ್ಮ ಮನೆ ಹೆಂಗಸ್ರು ಹೇಳ್ಕೊಡಲಿಲ್ವಾ?"

ಊರಿನ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಗಂಡಸರು ಬೆಟ್ಟ ನೋಡಿದರು. ಶ್ರೀಮಂತನ ಮುಖ ಒಣಮೆಣಸಿನಕಾಯಿ ಆಯಿತು.

"ಏನಂದೆ?"

"ಕೋಪ ಬೇಡ್ರಪ್ಪ. ಒಂದು ಮಾತು ನಡೆಸ್ಕೊಡಿ. ಈ ಕಿಂಡಿ ಬಿಟ್ಟು ಕೆಳಕ್ಕೆ ಬನ್ನಿ. ನಮ್ಮ ಗಡಿಕಲ್ಲಿನ ಹತ್ರ ಸೂರ್ಯ ಮುಳುಗೋವರ್ಗೂ ನಿಂತ್ಕೊಳ್ಳಿ. ನೀವು ಓಡ್ದೇ ಇದ್ರೆ ನಾವೇ ಗಾಡಿ ತಿರುಗಿಸ್ಕೊಂಡು ಹೋಯ್ತೀವಿ."

"ನಿಂತೆ ಅಂತಾನೇ ತಿಳ್ಕೋ!" ಅಂದ. ಮೂವತ್ತು ಜನ ಮೀಸೆಯವರನ್ನು ಕರೆದ. ಊರವರನ್ನು ಒಳಗೆ ಕಳಿಸಿ ಬಾಗಿಲು ಹಾಕಿಸುವಾಗ ಕಾವಲಿನವನಿಗೆ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಬಯಲ ಕಡೆಯಿಂದ ಯಾವನೇ ಓಡ್ಬರ್ಲಿ, ಬಾಗ್ಲು ತೆಗೆದ್ಯೋ, ಜೋಕೆ!"

ಇಳಿದರು. ಗಡಿಕಲ್ಲಿನ ಹತ್ತಿರ ನಿಂತರು. ನೋಡಿ, ಆ ಮನುಷ್ಯ ಹುಟ್ಟಿದಾಗಿನಿಂದ ಯಾವತ್ತೂ ಬಯಲಲ್ಲಿ ನಿಂತವನಲ್ಲ. ಎಡಕ್ಕೆ ಕೈ ಚಾಚಿದ, ಬೆಟ್ಟ ಇಲ್ಲ. ಬಲಕ್ಕೆ ನೋಡಿದ, ಬೆಟ್ಟ ಇಲ್ಲ. ಊರಲ್ಲಾದರೆ ಒಂದೇ ಕಿಂಡಿ, ಒಂದು ಕಣ್ಣು ಮುಚ್ಚಿಕೊಂಡು ಕಾಯಬಹುದು. ಇಲ್ಲಿ ಬೆನ್ನಿಗೂ ಎರಡು ಕಣ್ಣು ಬೇಕು. ಎಲ್ಲಿಂದ ಬರುತ್ತಾರೆ? ಎಲ್ಲಿಂದಾದರೂ ಬರಬಹುದು! ಮೂವತ್ತು ಜನ ಒಬ್ಬರ ಬೆನ್ನಿಗೆ ಒಬ್ಬರು ಒತ್ತಿಕೊಂಡು ನಿಂತರು, ಹೆಡಿಗೆಯಲ್ಲಿ ಬದನೆಕಾಯಿ ತುಂಬಿದ ಹಾಗೆ.

ಮೂರು ಗಂಟೆ ಹೊತ್ತಿಗೆ ದೂರದಲ್ಲಿ ಧೂಳು ಎದ್ದಿತು. ಮೊದಲು ಹಿಡಿಯಷ್ಟು. ಆಮೇಲೆ ಹುಲ್ಲಿನ ಬಣವೆಯಷ್ಟು. ಆಮೇಲೆ ಆಕಾಶದಷ್ಟು! ಯಾರು ಮೊದಲು ಓಡಿದರೋ ಗೊತ್ತಿಲ್ಲ. ಯಾರು ಮೊದಲು ಬಾಗಿಲು ಮುಟ್ಟಿದರು ಅನ್ನುವುದು ಗೊತ್ತು. ಶ್ರೀಮಂತ! ಅವನ ಪಂಚೆ ದಾರಿಯಲ್ಲಿ, ಪೇಟ ಮುಳ್ಳಿನ ಗಿಡದಲ್ಲಿ. ಅವನ ನೆರಳು ಹಿಂದೆ ಬಿದ್ದು, ಕಾಲು ಗಂಟೆ ತಡವಾಗಿ ಬಂತಂತೆ.

"ತೆಗಿಯೋ ಬಾಗ್ಲು! ತೆಗಿಯೋ!"

ಕಾವಲಿನವನು ಬಾಗಿಲ ಸಂದಿಯಲ್ಲಿ ಮೂಗು ತೂರಿಸಿದ. "ಆಗಲ್ಲ ಬುದ್ಧೀ. ಓಡ್ಬಂದೋರಿಗೆ ತೆಗೀಬ್ಯಾಡ ಅಂತ ಅಪ್ಪಣೆ ಆಗೈತೆ."

"ಅಪ್ಪಣೆ ಕೊಟ್ಟೋನು ನಾನೇ ಕಣೋ!"

"ನೀವು ಪಂಚೆ ಉಟ್ಕೊಂಡು ಹೋದ್ರಿ. ಇವನ್ಯಾರೋ ಚಡ್ಡೀಲಿ ಅವ್ನೆ."

ನಗಿ, ನಗಿ. ಆದರೆ ಅವನು ಅಲ್ಲೇ ಬಾಗಿಲಿಗೆ ಹಣೆ ಒತ್ತಿ ನಿಂತುಬಿಟ್ಟ. ಹಿಂದೆ ಬರುತ್ತಿರುವುದು ಸಾವು, ಮುಂದೆ ಮುಚ್ಚಿರುವುದು ತನ್ನದೇ ಬಾಗಿಲು. ಏಳುನೂರು ವರ್ಷದಲ್ಲಿ ಆ ದೇಶದವನೊಬ್ಬ ಆ ಬಾಗಿಲ ಹೊರಗೆ ನಿಂತು ಒಳಗೆ ಬಿಡು ಅಂತ ಬೇಡಿದ್ದು ಅದೇ ಮೊದಲು.

ಮುದುಕಿ ಏನು ಮಾಡಿದಳು? ಛೀ ಅನ್ನಬಹುದಿತ್ತು. ಅನ್ನಲಿಲ್ಲ. ಬಾಣಂತಿಯ ಮರೆಗೆ ಕಟ್ಟಿದ್ದ ಕಂಬಳಿ ಬಿಚ್ಚಿ ಅವನ ಸೊಂಟಕ್ಕೆ ಸುತ್ತಿದಳು. ಗಾಡಿಯ ನೆರಳಲ್ಲಿ ಕೂರಿಸಿ ಒಂದು ಚೊಂಬು ನೀರು ಕೊಟ್ಟಳು. "ಕುಡೀರಿ. ಮೊದಲ್ನೇ ಸಲ ಓಡಿದ್ದು ಅಲ್ವಾ, ಎದೆ ಹೊಡ್ಕೊಳ್ಳುತ್ತೆ. ನಮಗೆ ಅಭ್ಯಾಸ ಆಗೋಗೈತೆ. ಹೆದರ್ಕೋಬೇಡಿ, ಆ ಧೂಳು ದಂಡಿಂದಲ್ಲ. ಅದು ನಮ್ಮೂರಿನ ಕುರಿ. ಹಿಂದೆ ಬತ್ತಾ ಇದ್ವು."

ಶ್ರೀಮಂತ ನೀರು ಕುಡಿದ. ಚೊಂಬು ಕೆಳಗಿಟ್ಟ. ಕೂಸನ್ನು ನೋಡಿದ. "ಅವ್ವಾ, ಇಂಥಾ ಕಡೆ ಹೆಂಗೆ ಬಾಳ್ತೀರಿ? ಎಷ್ಟು ಸಲ ಕಟ್ತೀರಿ?" ಅಂದ.

"ಸುಟ್ಟಷ್ಟು ಸಲ," ಅಂದಳು.

ಅವನು ಎದ್ದು ಬಾಗಿಲ ಹತ್ತಿರ ಹೋದ. ಈ ಸಲ ಕೂಗಲಿಲ್ಲ. "ಲೋ, ನಾನೇ ಕಣೋ. ಓಡ್ಬಂದೋನೇ. ನನ್ನ ಬಿಡ್ದೇ ಇದ್ರೂ ಆಯ್ತು, ಬಾಣಂತಿ ಅವ್ಳೆ, ಅವಳ್ನ ಬಿಡು." ಅಗುಳಿ ಸರಿಯಿತು. ನಲವತ್ತು ಗಾಡಿ, ಸಾವಿರ ಕುರಿ, ಮೂವತ್ತು ಮೀಸೆ, ಎಲ್ಲ ಒಳಗೆ ಹೋದ ಮೇಲೆ ಕಂಬಳಿ ಸುತ್ತಿಕೊಂಡ ಶ್ರೀಮಂತ ಕೊನೆಗೆ ಒಳಗೆ ಬಂದ. ಎರಡು ದಿನದ ಮೇಲೆ ನಿಜವಾದ ದಂಡು ಬಂತು. ಬೆಟ್ಟ ನೋಡಿತು, ಕಿಂಡಿ ನೋಡಿತು, ತಿರುಗಿ ಹೋಯಿತು. ಆದರೆ ಮುಂದಿನ ಆಯುಧಪೂಜೆಯಲ್ಲಿ ಭಾಷಣ ಇರಲಿಲ್ಲ. ಶ್ರೀಮಂತ ಒಂದು ಹಾರ ತಗೊಂಡು ಹೋಗಿ ಬೆಟ್ಟದ ಕಲ್ಲಿಗೆ ಹಾಕಿ ಕೈಮುಗಿದ.

ದೇಶದೇಶದ ಚರಿತ್ರೆ ನನಗೆ ಗೊತ್ತಿಲ್ಲ. ಭೂಪಟ ಅನ್ನೋದನ್ನ ನಾನು ನೋಡಿದ್ದೇ ಸ್ಕೂಲಿನ ಕಿಟಕಿಯ ಹೊರಗಿಂದ. ಆದರೂ ಕೇಳುತ್ತೀನಿ, ಸಮುದ್ರ ಸಿಕ್ಕಿದವರು ಹಡಗು ಕಟ್ಟಿದರು, ಬೆಟ್ಟ ಸಿಕ್ಕಿದವರು ಬಾಗಿಲು ಹಾಕಿದರು, ಬಯಲು ಸಿಕ್ಕಿದವರು ಏಟು ತಿಂದು ಮತ್ತೆ ಬಿತ್ತಿದರು. ಇದರಲ್ಲಿ ಯಾರ ರಕ್ತ ಹೆಚ್ಚು, ಯಾರ ರಕ್ತ ಕಡಿಮೆ?

ಈಗ ಈ ಕಥೆ ಯಾರದು ಅಂತ ಗೊತ್ತಾಯಿತಾ? ಗೊತ್ತಾಗಲಿಲ್ಲ ಅಂತ ನೆಲ ನೋಡಬೇಡಿ. ನಾವು ಮೇಲ್ಬೀದಿಯವರು. ನಮ್ಮ ಮನೆ ಗುಡ್ಡದ ಮೇಲಿದೆ. ಹೊಳೆ ತುಂಬಿದಾಗ ನಮ್ಮ ಹೊಸಿಲು ಒದ್ದೆ ಆಗುವುದಿಲ್ಲ. ಆ ಗುಡ್ಡ ನಾನು ಹೊತ್ತು ತಂದು ಮನೆಯ ಕೆಳಗಿಟ್ಟೆನಾ? ನೀನು ತಂದೆಯಾ ಚಿಕ್ಕೀರಣ್ಣ, ನಿಮ್ಮ ತಾತ ತಂದರಾ? ಕೆಳಬೀದಿಯವರ ಮನೆಗೆ ಪ್ರತೀ ವರ್ಷ ಹೊಳೆ ನುಗ್ಗುತ್ತದೆ. ಅವರು ಒದ್ದೆ ಅಕ್ಕಿ ಹೊತ್ತು ಮೇಲೆ ಬಂದಾಗ ನಾವೇನಂತೀವಿ? "ಈ ಜನಕ್ಕೆ ಮುಂದಾಲೋಚನೆ ಇಲ್ಲ, ವರ್ಷ ವರ್ಷ ಇದೇ ಗೋಳು." ಈ ಬಾಯಿಯಿಂದ ನಾನೂ ಅಂದಿದ್ದೀನಿ. ಹೋದ ಮಳೆಗಾಲದಲ್ಲಿ ಅವರು ನಾವೀಗ ಕೂತಿರುವ ಈ ಭಜನೆ ಮಂದಿರದ ಮೆಟ್ಟಿಲ ಮೇಲೆ ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದರು. ಒಳಗೆ ದೇವರು ಬೆಚ್ಚಗಿದ್ದ. ಬಾಗಿಲಿಗೆ ಬೀಗ. ಚಾಪೆ ಕೊಳೆಯಾಗುತ್ತದೆ ಅಂತ!

ಆದ್ದರಿಂದ ಇವತ್ತು ಮನೆಗೆ ಹೋಗಿ "ಕಥೆ ಚೆನ್ನಾಗಿತ್ತು" ಅನ್ನಬೇಡಿ, ಸುಟ್ಟುಹೋಗಲಿ ಆ ಚೆನ್ನಾಗಿತ್ತು. "ಆ ಜನವೇ ಹಾಗೆ" ಅನ್ನುವ ಮಾತು ಇವತ್ತಿಂದ ನಾಲಿಗೆಗೆ ಬಂದರೆ ನುಂಗಿಬಿಡಿ. ಮಳೆ ಜೋರಾಯಿತು ಅಂದರೆ ಅವರು ಬಂದು ಕದ ತಟ್ಟುವ ತನಕ ಕಾಯಬೇಡಿ, ನೀವೇ ಇಳಿದು ಹೋಗಿ ಅಕ್ಕಿ ಮೂಟೆಗೆ ಹೆಗಲು ಕೊಡಿ. ನಿಮ್ಮ ಹಜಾರದಲ್ಲಿ ಎರಡು ಚಾಪೆಯ ಜಾಗ ಈಗಲೇ ಖಾಲಿ ಮಾಡಿ, ಆ ಮುರಿದ ಬೀರು ಯಾವ ಮಹಾರಾಜರದ್ದು ಅಂತ ಇಟ್ಟುಕೊಂಡಿದ್ದೀರಿ?

ನಂಜಪ್ಪಯ್ಯನವರೇ, ನೀವು ಮಂದಿರದ ಧರ್ಮದರ್ಶಿಗಳು. ಬೀಗದಕೈ ನಿಮ್ಮ ಸೊಂಟದಲ್ಲೇ ಇದೆ, ಕಾಣುತ್ತಿದೆ, ಶಲ್ಯ ಎಳೆದುಕೊಳ್ಳಬೇಡಿ. ನಾಡಿದ್ದು ಆರಿದ್ರಾ ಮಳೆ ಹುಟ್ಟುತ್ತದೆ. ಕೆಳಬೀದಿಯ ಸಾಕಮ್ಮ ಅಗೋ ಬಾಗಿಲ ಹತ್ತಿರ ಚಪ್ಪಲಿ ಬಿಡುವ ಜಾಗದಲ್ಲಿ ಕೂತಿದ್ದಾಳೆ. ಎದ್ದು ಹೋಗಿ, ಬೀಗದಕೈ ಅವಳ ಕೈಗೆ ಕೊಟ್ಟು ಬನ್ನಿ. ಅಲ್ಲಿಯವರೆಗೆ ನಾನು ಮಂಗಳಾರತಿ ಎತ್ತುವುದಿಲ್ಲ.