ಮೊಳೆಗೆ ನೇತು ಹಾಕಿರೋ ಇಪ್ಪತ್ನಾಲ್ಕು ಮಾರು

...ಅದೊಂದು ಬಿಟ್ಟು ಬೇರೆ ಯಾವ ಹಗ್ಗ ಬೇಕಾದ್ರೂ ತಗೋ ಮಂಜು, ನಾನೇನೂ ಅನ್ನಲ್ಲ. ಜೀಪಿಗೆ ಟಾರ್ಪಾಲು ಕಟ್ಟೋಕೆ ಮನೆಲಿ ಹಗ್ಗಕ್ಕೇನು ಬರಗಾಲನಾ? ಕೊಟ್ಟಿಗೇಲಿ ಬೇಕಾದಷ್ಟು ಬಿದ್ದಿದೆ. ಆ ಮೊಳೆಗೆ ನೇತು ಹಾಕಿರೋದನ್ನ ಮಾತ್ರ ಮುಟ್ಬೇಡ. "ಸುಮ್ನೆ ತಾನೇ ಇದೆ ತಾತ" ಅಂತೀಯಲ್ಲ, ಸುಮ್ನೆ ಇರೋದೇ ಅದರ ಕೆಲಸ. ನಗ್ಬೇಡ. ಪವಿ, ನಿಮ್ಮಣ್ಣಂಗೆ ಸ್ವಲ್ಪ ಹೇಳು, ನಾಳೆ ಮೆಣಸು ಕುಯ್ಯೋಕೆ ಮರ ಹತ್ತೋನು ಇವನು, ಇವನೇ ಹಿಂಗಂದ್ರೆ ಹೆಂಗೆ? ಕೂತ್ಕೊಳ್ಳಿ ಇಬ್ರೂ. ಟಾರ್ಪಾಲು ಎಲ್ಲೂ ಓಡಿ ಹೋಗಲ್ಲ.

ಆಗ ಕೊಡಗು ಬೇರೆ ರಾಜ್ಯ, ಗೊತ್ತಾ, ಮಡಿಕೇರಿಲೇ ಸರ್ಕಾರ. ನಾವು ಹಾಸನದ ಕಡೆಯಿಂದ ಬಂದು ಶಿರಂಗಾಲದಲ್ಲಿ ಸೇರ್ಕೊಂಡೋರು. ಮೂರು ಜನ, ನಾನು, ನಮ್ಮವ್ವ, ನನ್ನ ತಂಗಿ. ಅಪ್ಪ ಇರ್ಲಿಲ್ಲ. ಹೊಲದ ರಾಗಿ ಸಂಕ್ರಾಂತಿ ದಾಟ್ತಿರ್ಲಿಲ್ಲ, ಅದಕ್ಕೆ ನಾನು ಸುಂಟಿಕೊಪ್ಪದ ಹತ್ರ ಒಂದು ಕಾಫಿ ಎಸ್ಟೇಟಿಗೆ ಹೋದೆ. ಇಪ್ಪತ್ತು ವರ್ಷ ಇರ್ಬೇಕು ನಂಗೆ. ಇಲ್ಲ, ಇಪ್ಪತ್ತೊಂದು, ತಂಗಿ ಮದುವೆ ಆಗಿರ್ಲಿಲ್ಲ ಇನ್ನೂ. ಅಲ್ಲಿ ಮರ ಕಪಾತು ಕೆಲಸ. ಮಳೆಗೆ ಮುಂಚೆ ನೆರಳಿನ ಮರ ಹತ್ತಿ ಕೊಂಬೆ ಇಳಿಸಿ ಕಾಫಿ ಗಿಡಕ್ಕೆ ಬೆಳಕು ಬಿಡೋದು. ಸೊಂಟಕ್ಕೊಂದು ಹಗ್ಗ, ಅದನ್ನ ಮರದ ಸುತ್ತ ತಂದು ಕಟ್ಕೊಳ್ಳೋದು, ಬೆನ್ನಿಗೊಂದು ಕತ್ತಿ ಸಿಕ್ಕಿಸ್ಕೊಳ್ಳೋದು, ಅಷ್ಟೇ. ನಮ್ಮ ಮೇಸ್ತ್ರಿ ಬೆಳ್ಯಪ್ಪ ಅಂತ, ಸಂಪಾಜೆ ಕಡೆಯೋರು, ಅರೆಭಾಷೆ ಜನ, 'ಇದೆ' ಅನ್ನೋಕೆ 'ಉಟ್ಟು' ಅನ್ನೋರು. ಅವರದ್ದೊಂದು ಕಟ್ಟಳೆ. ಯಾರು ಮರ ಹತ್ತಿದ್ರೂ ಬುಡದಲ್ಲಿ ಇನ್ನೊಂದು ಹಗ್ಗ ಸುರುಳಿ ಸುತ್ತಿ ಇಟ್ಕೊಂಡು ಒಬ್ಬ ಆಳು ಮೇಲೆ ನೋಡ್ತಾ ಕೂತಿರ್ಬೇಕು. ಬೀಡಿ ಸೇದೋ ಹಂಗಿಲ್ಲ, ಸೊಪ್ಪು ಎಳೆಯೋ ಹಂಗಿಲ್ಲ. ಕಾಯೋ ಹಗ್ಗ ಅಂತಿದ್ವಿ ಅದಕ್ಕೆ. ಇಪ್ಪತ್ನಾಲ್ಕು ಮಾರು ಕತ್ತಾಳೆ ಹಗ್ಗ. ಎಸ್ಟೇಟಿನ ಲೆಕ್ಕ ಬರೆಯೋ ರೈಟರಿಗೆ ಇದನ್ನ ನೋಡಿದ್ರೆ ಉರಿ. "ಏನಯ್ಯಾ ಮೇಸ್ತ್ರಿ, ಒಂದಾಳು ಆಕಾಶ ನೋಡೋಕೆ, ಒಂದು ಹಗ್ಗ ನಿದ್ದೆ ಮಾಡೋಕೆ?" ಬೆಳ್ಯಪ್ಪ ಎಲೆ ಅಡಿಕೆ ಉಗಿದು ಬರೋರು.

ದಿನಾ ಬೆಳಿಗ್ಗೆ ಆ ಹಗ್ಗನ ಕೈ ಚಾಚಿ ಮಾರು ಹಾಕಿ ಎಣಿಸ್ಬೇಕು, ಎಲ್ಲಾದ್ರೂ ಎಳೆ ಹೋಗಿದ್ಯಾ ಅಂತ ಬೆರಳಲ್ಲಿ ಸವರಿ ನೋಡ್ಬೇಕು. ಆ ಕೆಲಸ ನಂದು. ಹೊಸಬನಿಗೆ ಹಗ್ಗದ ಮೇಲೆ ಭಯ ಭಕ್ತಿ ಬರ್ಲಿ ಅಂತ ಬೆಳ್ಯಪ್ಪ ನನ್ನ ಕೈಲೇ ಕೊಟ್ಟಿದ್ರು. "ನಂಜಾ, ಎಷ್ಟುಟ್ಟು?" ಅನ್ನೋರು. "ಇಪ್ಪತ್ನಾಲ್ಕು" ಅಂತ ನಾನು ಗಟ್ಟಿಯಾಗಿ ಕೂಗ್ಬೇಕು. ಆಮೇಲೇ ಯಾರಾದ್ರೂ ಮರಕ್ಕೆ ಕಾಲಿಡೋದು.

ಈಗ ನಾನು ಮಾಡಿದ ಘನಕಾರ್ಯ ಕೇಳಿ. ಯುಗಾದಿಗೆ ಊರಿಗೆ ಹೋಗಿದ್ದೆ. ನೋಡ್ತೀನಿ, ನಮ್ಮವ್ವ ಬಾವಿಲಿ ನೀರು ಸೇದ್ತಿದ್ದಾಳೆ, ಹಗ್ಗದ ತುಂಬ ಗಂಟು. ಒಂದೊಂದು ಗಂಟು ಗಡಗಡೆಲಿ ಸಿಕ್ಕಾಕೊಂಡಾಗ್ಲೂ ಬಗ್ಗಿ ಕೈ ಚಾಚಿ ಬಿಡಿಸ್ತಾಳೆ. ನಾನು ನೋಡ್ತಿದ್ದ ಹಂಗೇ ಹಗ್ಗ ಹರಿದು ಕೊಡ ಒಳಗೆ ಬಿತ್ತು. ಇನ್ನೊಂಚೂರು ಬಗ್ಗಿದ್ರೆ ಅವಳೂ ಹೋಗ್ತಿದ್ಲು. ಎಸ್ಟೇಟಿಗೆ ವಾಪಸ್ ಬಂದವನೇ ಕಾಯೋ ಹಗ್ಗದ ತುದಿಲಿ ನಾಲ್ಕು ಮಾರು ಕಡಿದೆ. ಸುಮ್ನೆ ತಾನೇ ಇದೆ ಅಂತ, ನಿನ್ನ ಹಂಗೇ, ಅದೇ ಮಾತು! ಊರ ಕಡೆ ಹೋಗೋರ ಕೈಲಿ ಅವ್ವಂಗೆ ಕಳಿಸಿದೆ. ಮಾರನೇ ಬೆಳಿಗ್ಗೆ "ಎಷ್ಟುಟ್ಟು ನಂಜಾ?" "ಇಪ್ಪತ್ನಾಲ್ಕು!" ನಾಲಿಗೆ ತಡವರಿಸ್ಲೂ ಇಲ್ಲ. ಒಂದು ತಿಂಗಳು ಹಿಂಗೇ ಕೂಗಿದೀನಿ.

ಆಮೇಲೆ ಆ ನಂದಿ ಮರ. ನೆಟ್ಟಗೆ ಎದ್ದಿರೋ ಮರ, ನುಣುಪು ತೊಗಟೆ, ಹಿಡಿಯೋಕೆ ಏನೂ ಸಿಗಲ್ಲ. ಬುಡದಲ್ಲಿ ಕಾಯೋದು ಅವತ್ತು ಬೆಳ್ಯಪ್ಪನೇ. ಸೊಪ್ಪು ಎಳೆಯೋಕೆ ನಾಲ್ಕು ಜನ ಹೆಂಗಸ್ರು, ಅವರಲ್ಲಿ ಮುನಿಯಮ್ಮ ಅಂತ ತಮಿಳಿನೋಳು, ಗಟ್ಟಿಗಿತ್ತಿ. ಎಂಟು ಮಾರು ಮೇಲೆ ನಿಂತು ಒಂದು ದಪ್ಪ ಕೊಂಬೆ ಕಡೀತಿದ್ದೆ. ಅಡಿಲಿ ಒಂದು ಕಚ್ಚು ಹಾಕ್ಕೊಂಡು ಆಮೇಲೆ ಮೇಲಿಂದ ಕಡೀಬೇಕು, ನಾನು ಅವಸರಕ್ಕೆ ಮೇಲಿಂದಲೇ ಕಡಿದೆ. ಕೊಂಬೆ ಸಿಗಿದು ಹಿಂದಕ್ಕೆ ಬಂದು ಕಾಲಿಗೆ ಬಡೀತು ನೋಡು, ಮೊಣಕಾಲಿನ ಕೆಳಗೆ ಲಟ್ ಅಂತು. ಕೈಲಿದ್ದ ಕತ್ತಿ ಜಾರಿ ನನ್ನ ಸೊಂಟದ ಹಗ್ಗಕ್ಕೇ ತಗುಲಿ ಅರ್ಧ ಹರಿದು ಕೂತಿದೆ. ಆ ಅರ್ಧ ಎಳೆ ಮೇಲೆ ನಾನು ತಲೆ ಕೆಳಗಾಗಿ ನೇತಾಡ್ತಿದೀನಿ. ಸೊಂಟದಲ್ಲಿ ನೇತಾಡಿದ್ರೆ ಉಸಿರು ಹತ್ತಲ್ಲ, ಗೊತ್ತಾ. ಕೂಗೋಕೂ ಗಾಳಿ ಇಲ್ಲ.

ಕೂಗೋ ಅಗತ್ಯನೂ ಬರ್ಲಿಲ್ಲ. ಮೇಲೆ ನೋಡ್ತಾ ಕೂತಿದ್ರಲ್ಲ ಆ ಮನುಷ್ಯ! ಕೊಂಬೆ ನೆಲಕ್ಕೆ ಬೀಳೋ ಹೊತ್ತಿಗೆ ಅವರು ಕಾಯೋ ಹಗ್ಗದ ತುದಿ ಹಲ್ಲಲ್ಲಿ ಕಚ್ಕೊಂಡು ಅರ್ಧ ಮರ ಹತ್ತಿದ್ರು. ಐವತ್ತು ದಾಟಿದ ಆಸಾಮಿ. "ಹೆದರ್ಬೇಡ ನಂಜಾ, ಹಗ್ಗ ಉಟ್ಟು" ಅಂದ್ರು ಹಲ್ಲು ಕಚ್ಚಿದ ಹಂಗೇ. ತನ್ನ ಸೊಂಟದ ಹಗ್ಗ ಮರಕ್ಕೆ ಬಿಗಿದು ನಿಂತು, ನನ್ನ ಮೇಲಿನ ಕವಲಿಗೆ ಕಾಯೋ ಹಗ್ಗ ದಾಟಿಸಿ, ಒಂದು ತುದಿ ನನ್ನ ಕಂಕುಳ ಕೆಳಗೆ ಎದೆಗೆ ಬಿಗಿದು, ಇನ್ನೊಂದು ಕಡೆ ಕೆಳಗೆ ಬಿಟ್ರು. "ಮುನಿಯಮ್ಮಾ, ಪಕ್ಕದ ಮರದ ಬುಡಕ್ಕೆ ಎರಡು ಸುತ್ತು ಹಾಕಿ ನಿಧಾನಕ್ಕೆ ಬಿಡು, ಕೈಲಿ ಹಿಡೀಬೇಡ, ಚರ್ಮ ಹೋಗ್ತದೆ!" ಆಮೇಲೆ ನನ್ನ ಹರಿದ ಸೊಂಟದ ಹಗ್ಗ ಕೊಯ್ದು ಬಿಸಾಕಿದ್ರು. ನಾನು ಇಳೀತಾ ಇದೀನಿ. ಇಳೀತಾ ಇದೀನಿ. ನಿಂತ್ಬಿಡ್ತು.

"ಅಣ್ಣಾ, ಹಗ್ಗ ಮುಗಿಂಜಿದೆ!" ಅಂತ ಮುನಿಯಮ್ಮ ತನ್ನ ತಮಿಳುಗನ್ನಡದಲ್ಲಿ ಕಿರುಚಿದ್ಲು. ನೆಲ ಇನ್ನೂ ಎರಡಾಳು ಕೆಳಗಿದೆ. ನನ್ನ ಕಾಲ ಕೆಳಗೆ ನೇರವಾಗಿ ಕಪಾತು ಮಾಡಿದ ಕಾಫಿ ಗಿಡದ ಮೊನೆ ಮೊನೆ ಬೊಡ್ಡೆ, ಬಿಟ್ರೆ ಚುಚ್ಕೊಂಡು ಹೋಗ್ತೀನಿ. ಮೇಲಿಂದ ಬೆಳ್ಯಪ್ಪ, "ಇಪ್ಪತ್ನಾಲ್ಕು ಉಟ್ಟಲ್ಲ! ನೋಡು, ಎಲ್ಲೋ ಸಿಕ್ಕಾಕೊಂಡಿರ್ಬೇಕು" ಅಂತಾರೆ. ಅಯ್ಯೋ, ಸಿಕ್ಕಾಕೊಂಡಿದ್ದು ನಾನು. ಅದೇ ನಾಲ್ಕು ಮಾರು ಶಿರಂಗಾಲದ ಬಾವಿಲಿ ನೀರು ಕುಡೀತಿದೆ ಅಂತ ಬಾಯಿಬಿಟ್ಟು ಹೇಳೋಕೆ ಆಗ್ಲಿಲ್ಲ ನಂಗೆ. ನೋವಿಗಿಂತ ನಾಚಿಕೆನೇ ಜಾಸ್ತಿ ಆಗಿತ್ತು, ನಿಜ ಹೇಳ್ತೀನಿ.

ಆಗ ಆ ಮನುಷ್ಯ ಏನು ಮಾಡಿದ್ರು ಗೊತ್ತಾ? ತನ್ನ ಸೊಂಟದ ಹಗ್ಗ ಬಿಚ್ಚಿದ್ರು. ಎಂಟು ಮಾರು ಮೇಲೆ, ನುಣುಪು ಮರದಲ್ಲಿ, ಒಂದು ಕೈಲಿ ಮರ ತಬ್ಬಿ ಇನ್ನೊಂದು ಕೈಲಿ ಬಿಚ್ಚಿ ಕೆಳಗೆ ಎಸೆದ್ರು. "ಕೊನೆಗೆ ಕಟ್ಟು ಮುನಿಯಮ್ಮಾ, ಎರಡು ಗಂಟು!" ಅವಳು ಕಟ್ಟಿದ್ಲು. ಗಂಟು ಮರದ ಬುಡದಲ್ಲಿ ತಿರುಗದೆ ನಿಂತಾಗ ಕಾಲಲ್ಲಿ ಒದ್ದು ಒದ್ದು ದಾಟಿಸಿದ್ಲು. ನಾನು ಹೆಂಗಸರ ಕೈಗೆ ಬಂದೆ. ಬೆಳ್ಯಪ್ಪ ಮೇಲೆ ಬರೀ ತೋಳಲ್ಲಿ ಮರ ಹಿಡ್ಕೊಂಡೇ ಇದ್ರು. ನನ್ನೆದೆಯಿಂದ ಬಿಚ್ಚಿದ ತುದಿಗೇ ಅವರ ಹಗ್ಗ ಕಟ್ಟಿ ಮೇಲೆ ಎಳೆದು ಕೊಟ್ವಿ, ಅಂದ್ರೆ ಹೆಂಗಸ್ರು ಕೊಟ್ರು, ನಾನು ಎಲ್ಲಿ, ಬಿದ್ದಿದ್ದೆ. ಬೆಳ್ಯಪ್ಪ ಅದನ್ನ ಮತ್ತೆ ಸೊಂಟಕ್ಕೆ ಕಟ್ಕೊಳ್ಳೋ ತನಕ ನಾನು ಕಣ್ಣು ಮುಚ್ಚಲಿಲ್ಲ. ದೇವರೇ, ನನ್ನ ಕಾಲು ಹೋದ್ರೆ ಹೋಗ್ಲಿ, ಆ ಮನುಷ್ಯ ಮಾತ್ರ ಬೀಳ್ಬಾರ್ದು ಅಂತ ಬೇಡ್ಕೊಂಡೆ.

ಮಡಿಕೇರಿ ಆಸ್ಪತ್ರೆಲಿ ಕಾಲಿಗೆ ಹಲಗೆ ಕಟ್ಟಿ ಮಲಗಿಸಿದ್ರು. ಮೂರನೇ ದಿನ ಬೆಳ್ಯಪ್ಪ ಬಂದ್ರು, ಕಿತ್ತಳೆ ತಂದಿದ್ರು. ಸುಲಿದು ಒಂದೊಂದೇ ತೊಳೆ ಕೊಡ್ತಾ ಅಂದ್ರು, "ಹಗ್ಗದ ಕೊನೆ ನೋಡ್ದೆ. ಇಲಿ ಕಡಿದಂಗೆ ಇಲ್ಲೆ, ಕತ್ತಿಲಿ ಕಡಿದದ್ದು. ರೈಟರು ಕೇಳ್ದ. ನಾನೇ ಕಡ್ದೆ, ಕೊನೆ ಕೊಳೆತಿತ್ತು ಅಂದೆ." ಬೈದಿದ್ರೆ ತಡ್ಕೋತಿದ್ದೆ. ಆ ಮಾತಿಗೆ ಗೊಳೋ ಅಂತ ಅತ್ತುಬಿಟ್ಟೆ. ಅವ್ವ, ಬಾವಿ, ಹರಿದ ಹಗ್ಗ, ಎಲ್ಲ ಹೇಳ್ದೆ. ಅವರು ಇನ್ನೊಂದು ತೊಳೆ ಬಿಡಿಸಿ ನನ್ನ ಕೈಗಿಟ್ರು. ಆಮೇಲೆ ಕೇಳಿದ್ರು, "ಈಗ ಅವ್ವಂಗೆ ನೀರು ಸಲೀಸಾಗಿ ಬರ್ತದಾ?"

"ಬರ್ತದೆ" ಅಂದೆ.

"ಹಂಗಾದ್ರೆ ಅಲ್ಲೇ ಇರ್ಲಿ. ಕೇಳಿದ್ದಿದ್ರೆ ನಾನೇ ಕೊಡ್ತಿದ್ದೆ. ಇಪ್ಪತ್ತೇ ಉಟ್ಟು ಅಂತ ಹೇಳಿದ್ದಿದ್ರೂ ಸಾಕಿತ್ತು ನಂಜಾ, ಸಣ್ಣ ಮರಕ್ಕೆ ಹತ್ತಿಸ್ತಿದ್ದೆ."

ಅಷ್ಟೇ ಕಣ್ರೋ ಅವರು ಅಂದಿದ್ದು. ಮುಂದಿನ ವರ್ಷ ಹಗ್ಗ ಎಣಿಸೋ ಕೆಲಸ ಮತ್ತೆ ನನ್ನ ಕೈಗೇ ಕೊಟ್ರು! ಬೇರೆಯೋರಾಗಿದ್ರೆ ಎಸ್ಟೇಟಿನ ಗೇಟೂ ದಾಟೋಕೆ ಬಿಡ್ತಿರ್ಲಿಲ್ಲ. ನಮ್ಮವ್ವ ಸಾಯೋ ತನಕ, ಬಾವಿಗೆ ಕೊಡ ಬಿಡೋವಾಗೆಲ್ಲ ಬೆಳ್ಯಪ್ಪನ ಹೆಸರು ಹೇಳೇ ಬಿಡ್ತಿದ್ದದ್ದು. ನಾನು ಮದುವೆ ಆಗಿದ್ದು, ನಿಮ್ಮಪ್ಪ ಹುಟ್ಟಿದ್ದು, ನೀವಿಬ್ರು ಇಲ್ಲಿ ಕೂತು ಕಿಸಿಕಿಸಿ ನಗೋದು, ಎಲ್ಲ ಆ ಪುಣ್ಯಾತ್ಮ ಬಿಚ್ಚಿ ಎಸೆದ ಹಗ್ಗದಿಂದ. ಅವರನ್ನ ನೆನೆಸ್ಕೊಳ್ಳದೆ ಒಂದಿನಾನೂ ಊಟಕ್ಕೆ ಕೂತಿಲ್ಲ ನಾನು.

ಈ ಮೊಳೆಲಿರೋದು ಆ ಹಗ್ಗ ಅಲ್ಲ, ಅದೇ ಇಪ್ಪತ್ನಾಲ್ಕು ಮಾರಿನ ಲೆಕ್ಕಕ್ಕೆ ಆಮೇಲೆ ನಾನು ಮಾಡಿಸಿಟ್ಟಿದ್ದು. ಆಯ್ತು, ಮೊಳೆಯಿಂದ ಇಳಿಸು ಈಗ. ಟಾರ್ಪಾಲಿಗಲ್ಲ! ನಾಳೆ ನೀನು ಮರದಲ್ಲಿರೋವಾಗ ಪವಿ ಇದನ್ನ ಹಿಡ್ಕೊಂಡು ಬುಡದಲ್ಲಿ ಕೂರ್ಲಿ, ಮೊಬೈಲು ಒಳಗಿಟ್ಟು. ಹೂಂ, ಕೈ ಚಾಚು, ಗಟ್ಟಿಯಾಗಿ ಎಣಿಸು, ನನ್ನ ಕಿವಿಗೂ ಬೀಳ್ಲಿ... ಏನು? ಇಪ್ಪತ್ತಮೂರಾ? ತಲೆ ಯಾಕೆ ತಗ್ಗಿಸ್ತೀಯ, ಮೊನ್ನೆ ನೀನೇ ಕಡಿದ್ಯೇನೋ? ಬೈಯಲ್ಲ ಬಿಡು. ಇಪ್ಪತ್ತಮೂರಿದ್ರೆ ಇಪ್ಪತ್ತಮೂರು ಅಂತ್ಲೇ ಕೂಗು, ಅಷ್ಟಕ್ಕೆ ತಕ್ಕ ಮರ ಹತ್ತಿದ್ರಾಯ್ತು.